ಬೆಣ್ಣೆಗೆ ಬದಲು ಬಾಳೆಹಣ್ಣು

ಕಳೆದ ಭಾನುವಾರ ಬೆಳಿಗ್ಗೆ ಶಿಕಾರಿಪುರದಿಂದ ಸೊರಬಕ್ಕೆ ಹೊರಟ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇದ್ದಿತು. ಅದರೊಳಗೆ ಹನ್ನೆರಡು ಮಫಿನ್ನುಗಳು. ಮಫಿನ್ ಎಂದರೇನೆಂದು ತಿಳಿಯದ ವಾಚಕರು ಸಂಕೋಚಪಡಬೇಕಾದುದಿಲ್ಲ. ಎರಡು ತಿಂಗಳ ಹಿಂದೆ ನಾನೂ ಅವರ ಪೈಕಿಯೇ ಆಗಿದ್ದೆ. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರದ, ಬಟ್ಟಲಿನ ಆಕಾರದ, ತಲೆಯುಬ್ಬಿದ, ಮೆತ್ತನೆಯ ಒಂದು ತಿಂಡಿ ಅದು. ಕೇಕಿನ ತಮ್ಮನೆನ್ನಬಹುದು, ಅಣ್ಣನಷ್ಟು ಸಿಂಗಾರವಿಲ್ಲ, ಅಷ್ಟು ಸಿಹಿಯೂ ಇಲ್ಲ. ಇಂಗ್ಲೆಂಡಿನಲ್ಲಿ ಇದೇ ಹೆಸರು ಹುದುಗು ಬರಿಸಿದ ಒಂದು ಚಪ್ಪಟೆ ರೊಟ್ಟಿಗೆ ಸಲ್ಲುತ್ತದೆ. ಸೋಡಾದಿಂದ ಉಬ್ಬಿಸಿ ಬಟ್ಟಲಿನಲ್ಲಿ ಬೇಯಿಸುವ ನಮ್ಮ ಈ ಮಫಿನ್ನು ಅಮೆರಿಕದ್ದು.

ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಡಬ್ಬಿಯಿಂದ ಸೂಸುತ್ತಿದ್ದ ಏಲಕ್ಕಿಯ ಕಂಪಿಗೆ ಒಂದೆರಡು ಸಲ ತಿರುಗಿ ನೋಡಿ, ಕೊನೆಗೆ ತಡೆಯಲಾರದೆ, "ಏನು ಮೇಷ್ಟ್ರೆ, ಹಬ್ಬದ ಬುತ್ತಿಯೊ?" ಎಂದು ಕೇಳಿದರು.

"ಅಲ್ಲ, ಪಥ್ಯ" ಎಂದೆ.

ಅವರು ನನ್ನನ್ನು ಒಂದು ಬಗೆಯಾಗಿ ನೋಡಿ ಕಿಟಕಿಯ ಕಡೆಗೆ ತಿರುಗಿದರು. ನಾನು ಹೇಳಿದುದು ಹಾಸ್ಯವಾಗಿರಲಿಲ್ಲ.

ಸೊರಬ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನನ್ನ ಸೋದರಮಾವನವರ ಮನೆ ಇದೆ. ಮುಂದೆ ಗದ್ದೆ, ಹಿಂದೆ ಅಡಿಕೆಯ ತೋಟ, ಕೊಟ್ಟಿಗೆಯಲ್ಲಿ ಎರಡು ಹಸು. ಬಾಲ್ಯದ ಬೇಸಗೆಗಳೆಲ್ಲವೂ ಅಲ್ಲಿಯೇ ಕಳೆದವು. ಆ ಮನೆಯಲ್ಲಿ ಅತ್ತೆಯವರ ಪ್ರೀತಿಗೆ ಒಂದೇ ಅಳತೆ, ತುಪ್ಪದ ಮಿಳ್ಳೆ. ಬಿಸಿ ಅನ್ನದ ಮೇಲೆ ಮಿಳ್ಳೆ ಬಾಗಿದರೆ ಅದು ನೆಟ್ಟಗಾಗಬೇಕಾದರೆ ಎಲೆಯ ಮುಂದಿದ್ದವನು ಎರಡು ಕೈಗಳನ್ನೂ ಅಡ್ಡ ಹಿಡಿಯಬೇಕಾಗುತ್ತಿತ್ತು. ಮಾವನವರು ಕೈ ಅಡ್ಡ ಹಿಡಿದುದನ್ನು ನಾನಂತೂ ಕಂಡವನಲ್ಲ. ಕಳೆದ ಮಾಘಮಾಸದಲ್ಲಿ ತೋಟದಿಂದ ಬರುತ್ತಿದ್ದವರು ಎದೆ ಹಿಡಿದುಕೊಂಡು ಕಾಲುಸಂಕದ ಬಳಿ ಕುಳಿತುಬಿಟ್ಟರು. ಶಿವಮೊಗ್ಗಕ್ಕೆ ಕರೆದೊಯ್ದೆವು. ಹದಿನಾಲ್ಕು ದಿನಗಳ ಮೇಲೆ ಮನೆಗೆ ಬಂದಾಗ ಅವರ ಜೊತೆಯಲ್ಲಿ ಔಷಧದ ಒಂದು ಚೀಲವೂ, ತಿನ್ನಬಾರದ ಪದಾರ್ಥಗಳ ಒಂದು ಪಟ್ಟಿಯೂ ಬಂದವು. ಪಟ್ಟಿಯ ಮೊದಲ ಸಾಲಿನಲ್ಲಿ ಬೆಣ್ಣೆ, ಎರಡನೆಯ ಸಾಲಿನಲ್ಲಿ ತುಪ್ಪ, ಮೂರನೆಯದರಲ್ಲಿ ವನಸ್ಪತಿ ಮತ್ತು ಬೇಕರಿಯ ತಿಂಡಿಗಳು.

ಅತ್ತೆಯವರು ಆ ಪಟ್ಟಿಯನ್ನು ವೇದವಾಕ್ಯದಂತೆ ಪಾಲಿಸಿದರು. ತುಪ್ಪದ ಮಿಳ್ಳೆ ಅಟ್ಟಕ್ಕೇರಿತು. ಆದರೆ ಮಾವನವರು ದಿನೇ ದಿನೇ ಮಾತು ಕಡಮೆ ಮಾಡಿದರು. ಮಧ್ಯಾಹ್ನ ನಾಲ್ಕು ಗಂಟೆಯ ಚಹಾದ ವೇಳೆಗೆ ಜಗುಲಿಯಿಂದ ಎದ್ದು ತೋಟದ ಕಡೆಗೆ ಹೊರಟುಬಿಡುತ್ತಿದ್ದರು. ಅದು ಮನೆಯ ತಿಂಡಿಯ ಹೊತ್ತು. ಐವತ್ತು ವರ್ಷಗಳಿಂದ ಏನಾದರೊಂದು ಕರಿದದ್ದೊ ಹುರಿದದ್ದೊ ತಟ್ಟೆಯಲ್ಲಿ ಬರುತ್ತಿದ್ದ ಹೊತ್ತು. ಈಗ ಬರಿಯ ಚಹಾ. ಅಷ್ಟರಲ್ಲಿಯೇ ಒಂದು ದಿನ ಅವರ ಅಂಗಿಯ ಜೇಬಿನಲ್ಲಿ ಬೇಕರಿಯ ಎಣ್ಣೆಕಾಗದ ಸಿಕ್ಕಿತು. ಅತ್ತೆಯವರು ಯಾರೊಡನೆಯೂ ಏನೂ ಹೇಳಲಿಲ್ಲ. ಆ ಕಾಗದವನ್ನು ಮಡಿಸಿ ದೇವರ ಗೂಡಿನಲ್ಲಿಟ್ಟರು. ಇದನ್ನು ನನಗೆ ಹೇಳಿದವಳು ಅವರ ಸೊಸೆ. ಹೇಳುವಾಗ ಅವಳ ಕಣ್ಣು ಒದ್ದೆಯಾಗಿದ್ದಿತು.

ನಾಲ್ಕು ಗಂಟೆಗೆ ಕದ್ದು ತಿನ್ನಬೇಕಾಗಿಲ್ಲದ ಒಂದು ತಿಂಡಿ ಬೇಕು. ನನ್ನಾಕೆಯೂ ನಾನೂ ಈ ಉದ್ಯೋಗಕ್ಕೆ ಕೈ ಹಾಕಿದುದು ಹೀಗೆ.

ಮೊದಲನೆಯ ಪ್ರಯೋಗದ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಬೆಣ್ಣೆ ಬೇಡವೆಂದ ಮೇಲೆ ಬೆಣ್ಣೆಯನ್ನು ಬಿಟ್ಟುಬಿಟ್ಟರಾಯಿತು ಎಂಬುದು ನನ್ನ ತರ್ಕ. ಸಾಮಾನ್ಯ ಮಫಿನ್ನಿನ ಕ್ರಮವನ್ನು ತೆಗೆದುಕೊಂಡು, ಅದರಲ್ಲಿದ್ದ ಬೆಣ್ಣೆಯ ಸಾಲನ್ನು ಹೊಡೆದುಹಾಕಿ, ಉಳಿದುದನ್ನು ಗಂಟಿಲ್ಲದಂತೆ ಹತ್ತು ನಿಮಿಷ ಚೆನ್ನಾಗಿ ಕಡೆದು ಬೇಯಿಸಿದೆವು. ಹೊರಬಂದ ಪದಾರ್ಥವನ್ನು ಸಾಗರ ಸೊರಬಗಳ ಗುಡಿಗಾರರ ಉಳಿಗೆ ಒಪ್ಪಿಸಿದ್ದರೆ ಅವರು ಗಂಧದ ಕೊರಡೆಂದು ಭಾವಿಸಿ ಗಣಪತಿಯನ್ನು ಕೆತ್ತುತ್ತಿದ್ದರೇನೊ! ಕೆಳಗಿನ ಕಾಗದ ಬಿಡಿಸಿದರೆ ಅರ್ಧ ಮಫಿನ್ನು ಕಾಗದಕ್ಕೇ ಅಂಟಿಕೊಂಡು ಬಂದಿತು. ಒಳಗೆ ಉದ್ದುದ್ದನೆಯ ಬಿಲಗಳು; ಅಗಿದರೆ ರಬ್ಬರು. ನೆರೆಮನೆಯ ಹಸು ಮಾತ್ರ ಮರು ಮಾತಿಲ್ಲದೆ ಸ್ವೀಕರಿಸಿತು.

ಸೋತ ಮೇಲೆ ಓದು. ಬೆಣ್ಣೆಯನ್ನು ತೆಗೆಯುವ ಮೊದಲು ಅದು ಅಲ್ಲಿ ಏನು ಮಾಡುತ್ತಿದ್ದಿತೆಂಬುದನ್ನು ಕೇಳಬೇಕಾಗಿತ್ತು. ಒಬ್ಬ ಹಳೆಯ ಗುಮಾಸ್ತನನ್ನು ಕಚೇರಿಯಿಂದ ಕಳುಹಿಸಿಬಿಟ್ಟ ಮೇಲೆಯೇ ಅವನು ಎಷ್ಟು ಕೆಲಸಗಳನ್ನು ಸದ್ದಿಲ್ಲದೆ ಮಾಡುತ್ತಿದ್ದನೆಂಬುದು ತಿಳಿಯುವುದಷ್ಟೆ. ಕೇಕು ಮಫಿನ್ನುಗಳಲ್ಲಿ ಬೆಣ್ಣೆಗೆ ಮೂರು ಕೆಲಸ.

ಮುಖ್ಯವಾದುದು ಹಿಟ್ಟಿನ ಅಂಟನ್ನು ಅಂಕೆಯಲ್ಲಿಡುವುದು. ಗೋಧಿಯ ಹಿಟ್ಟಿಗೆ ನೀರು ಬಿದ್ದು, ಕೈಯಾಡಿದಂತೆಲ್ಲ ಅದರಲ್ಲಿರುವ ಪ್ರೋಟೀನು ಗ್ಲೂಟೆನ್ ಎಂಬ ಅಂಟಿನ ಬಲೆಯಾಗಿ ಹೆಣೆದುಕೊಳ್ಳುತ್ತದೆ. ಚಪಾತಿಗೆ ನಾದುವುದು, ಹೋಳಿಗೆಯ ಕಣಕವನ್ನು ಗುದ್ದುವುದು ಈ ಬಲೆಗಾಗಿಯೇ. ಹೋಳಿಗೆಗೆ ಅದು ವರ, ಮಫಿನ್ನಿಗೆ ಶಾಪ. ಬೆಣ್ಣೆ ಹಿಟ್ಟಿನ ಕಣಗಳನ್ನು ಸವರಿಕೊಂಡು ನೀರು ಒಳಸೇರದಂತೆ ತಡೆಯುತ್ತದೆ. ಬಲೆಯ ಎಳೆಗಳು ಮೊಟಕಾಗುತ್ತವೆ. ತಿಂಡಿ ಬಾಯಲ್ಲಿ ಮುರಿಯುತ್ತದೆ. ಚಕ್ಕುಲಿಯ ಹಿಟ್ಟಿಗೆ ಬೆಣ್ಣೆಯನ್ನೊ ಬಿಸಿ ಎಣ್ಣೆಯನ್ನೊ ಹಾಕಿ ತಿಕ್ಕುವ ನಮ್ಮ ತಾಯಂದಿರಿಗೆ ಹಿಟ್ಟನ್ನು ಹೀಗೆ ಕೊಬ್ಬಿನಿಂದ ಸವರುವುದರ ಫಲ ಹೆಸರು ತಿಳಿಯದೆಯೂ ತಿಳಿದಿದೆ. ಬೆಣ್ಣೆಯ ಎರಡನೆಯ ಕೆಲಸ ಗಾಳಿಯನ್ನು ಹಿಡಿಯುವುದು. ಸಕ್ಕರೆಯೊಡನೆ ಕಡೆದಾಗ ಅದರಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಸೆರೆಯಾಗಿ, ಬೇಯುವಾಗ ಹಿಗ್ಗಿ ತಿಂಡಿಯನ್ನು ಮೇಲೆತ್ತುತ್ತವೆ. ಮೂರನೆಯದು ರುಚಿ ಮತ್ತು ಹಸಿತನ, ಇದನ್ನು ವಿವರಿಸಬೇಕಾಗಿಲ್ಲ.

ಈ ಮೂರರಲ್ಲಿ ಹಣ್ಣು ಎಷ್ಟನ್ನು ಹೊತ್ತೀತು? ಮೂರನೆಯದರಲ್ಲಿ ಹಸಿತನವನ್ನು ಪೂರ್ತಿಯಾಗಿ ಹೊರುತ್ತದೆ. ಚೆನ್ನಾಗಿ ಕಳಿತ ಬಾಳೆಹಣ್ಣಿನ ತಿರುಳು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ; ಅದರ ಸಕ್ಕರೆಯೂ ನಾರಿನಂಶವೂ ಅಂಟಿನ ಬಲೆಗೆ ಸ್ವಲ್ಪ ಅಡ್ಡಿ ಮಾಡುತ್ತವೆ. ಹಾಗಾಗಿ ಮೊದಲನೆಯ ಕೆಲಸದಲ್ಲಿ ಅರ್ಧ ಪಾಲನ್ನು ಹಣ್ಣಿಗೆ ವಹಿಸಬಹುದು. ಗಾಳಿ ಹಿಡಿಯುವ ಎರಡನೆಯ ಕೆಲಸ ಮಾತ್ರ ಅದರಿಂದ ಆಗದು. ಅದಕ್ಕೆ ಸೋಡಾವನ್ನೂ ಹುಳಿ ಮಜ್ಜಿಗೆಯನ್ನೂ ಕರೆಯಬೇಕು. ಅವೆರಡೂ ಕೂಡಿದಾಗ ಏಳುವ ಇಂಗಾಲದ ಡೈಆಕ್ಸೈಡು ಗುಳ್ಳೆಗಳ ಕೆಲಸವನ್ನು ನಿರ್ವಹಿಸುತ್ತದೆ. ಇಷ್ಟೆಲ್ಲ ಆದ ಮೇಲೂ ಕೊಬ್ಬನ್ನು ಸೊನ್ನೆಗೆ ಇಳಿಸಿದರೆ ರಬ್ಬರೇ ಗತಿ. ಅರ್ಧಕ್ಕೆ, ಅರ್ಧಕ್ಕಿಂತ ಸ್ವಲ್ಪ ಕೆಳಕ್ಕೆ ಇಳಿಸಿ ಅಲ್ಲಿ ನಿಲ್ಲಬೇಕು. ನಿಲ್ಲಲು ತಿಳಿಯದವನು ನನ್ನ ಹಾಗೆ ಹಸುವಿಗೆ ಅಡಿಗೆ ಮಾಡಿದಂತಾಗುತ್ತದೆ.

ಇಲ್ಲಿ ಒಂದು ಸಂದೇಹ ಬರಬಹುದು. ಬೇಕರಿಯ ಒಲೆಯಲ್ಲಿ ಬೇಯುವ ಈ ಪರದೇಶದ ತಿಂಡಿ ನಮ್ಮ ಮನೆಗಳಿಗೆ ಒಗ್ಗುತ್ತದೆಯೆ? ಹೆಸರು ಪರದೇಶದ್ದು, ನಿಜ, ವಿದ್ಯೆ ಪರದೇಶದ್ದಲ್ಲ. ಹದಿನಾರನೆಯ ಶತಮಾನದ ಆದಿಭಾಗದಲ್ಲಿದ್ದ ಮೂರನೆಯ ಮಂಗರಸನು 'ಸೂಪಶಾಸ್ತ್ರ' ಎಂಬ ಅಡಿಗೆಯ ಗ್ರಂಥವನ್ನು ಷಟ್ಪದಿಯಲ್ಲಿ ಬರೆದಿದ್ದಾನೆ. ಕಾವ್ಯಗಳ ಯುದ್ಧವರ್ಣನೆಯಲ್ಲಿ ತೂಕಡಿಸುವ ವಿದ್ಯಾರ್ಥಿಯೂ ಈ ಗ್ರಂಥದ ಹೆಸರೆತ್ತಿದರೆ ಎದ್ದು ಕುಳಿತುಕೊಳ್ಳುತ್ತಾನೆಂಬುದು ನನ್ನ ತರಗತಿಯ ಅನುಭವ. ಅದರಲ್ಲಿ ಬರುವ ನಾನಾ ರೊಟ್ಟಿಗಳಲ್ಲಿ ಮುಚ್ಚಳರೊಟ್ಟಿ ಎಂಬುದೊಂದು. ಎರಡು ತಟ್ಟೆಗಳ ನಡುವೆ ಇಟ್ಟು, ಕೆಳಗೂ ಮೇಲೂ ಕೆಂಡವನ್ನು ಹರಡಿ ಬೇಯಿಸುವ ಕ್ರಮ. ಇಂದಿನ ವಿದ್ಯುತ್ ಒಲೆಯಲ್ಲಿ ಮೇಲೊಂದು ಕೆಳಗೊಂದು ಕಂಬಿ ಕೆಂಪಗೆ ಕಾಯುವುದನ್ನು ನೋಡಿದರೆ ಇದು ಮುಚ್ಚಳರೊಟ್ಟಿಯ ಒಲೆಯೇ, ಕೆಂಡದ ಬದಲು ತಂತಿ ಬಂದಿದೆ ಅಷ್ಟೆ ಎಂದು ತೋರದಿರದು. ಅದಕ್ಕೂ ಐನೂರು ವರ್ಷ ಹಿಂದೆ, ಹನ್ನೊಂದನೆಯ ಶತಮಾನದಲ್ಲಿ, ಎರಡನೆಯ ಚಾವುಂಡರಾಯನ 'ಲೋಕೋಪಕಾರ'ದಲ್ಲಿಯೂ ಅಡಿಗೆಗೆ ಸ್ಥಳ ದೊರೆತಿದೆ. ನಮಗೆ ಇಲ್ಲದಿದ್ದುದು ಸೋಡಾ ಒಂದೇ. ಅದು ಇಂಗ್ಲೆಂಡು ಅಮೆರಿಕಗಳ ಅಡಿಗೆಮನೆಗಳಲ್ಲಿಯೂ ರೂಢಿಗೆ ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ.

ವಿದ್ಯುತ್ ಒಲೆ ಇಲ್ಲದವರೂ ಹಿಂಜರಿಯಬೇಕಾಗಿಲ್ಲ. ನಮ್ಮ ಎರಡನೆಯ ಮತ್ತು ಮೂರನೆಯ ಪ್ರಯೋಗಗಳು ನಡೆದುದು ಗ್ಯಾಸಿನ ಒಲೆಯ ಮೇಲೆಯೇ. ತಳ ದಪ್ಪವಿರುವ ಅಗಲವಾದ ಪಾತ್ರೆಯಲ್ಲಿ ಒಂದು ಅಂಗುಲದಷ್ಟು ತೊಳೆದು ಒಣಗಿಸಿದ ಮರಳನ್ನೊ ಕಲ್ಲುಪ್ಪನ್ನೊ ಹರಡಿ, ಅದರ ಮೇಲೆ ಒಂದು ಸಿಂಬೆಯಂತಹ ಕಬ್ಬಿಣದ ಬಳೆಯನ್ನಿಟ್ಟು, ಬಿಗಿಯಾಗಿ ಮುಚ್ಚಿ, ಹದವಾದ ಉರಿಯಲ್ಲಿ ಹತ್ತು ನಿಮಿಷ ಕಾಯಿಸಬೇಕು. ಬಳಿಕ ಹಿಟ್ಟು ತುಂಬಿದ ಸಣ್ಣ ಸ್ಟೀಲಿನ ಬಟ್ಟಲುಗಳನ್ನು ಒಂದು ತಟ್ಟೆಯಲ್ಲಿ ಜೋಡಿಸಿ ಬಳೆಯ ಮೇಲಿರಿಸಿ, ಉರಿ ತಗ್ಗಿಸಿ, ಮೂವತ್ತರಿಂದ ಮೂವತ್ತೈದು ನಿಮಿಷ ಬೇಯಿಸಬೇಕು. ಕುಕ್ಕರಿನಲ್ಲಿ ಮಾಡುವವರು ಮುಚ್ಚಳದ ರಬ್ಬರು ಪಟ್ಟಿಯನ್ನೂ ಮೇಲಿನ ಸೀಟಿಯನ್ನೂ ತೆಗೆದಿಡಲು ಮರೆಯಬಾರದು. ಒಳಗೆ ನೀರು ಹಾಕಲೂ ಬಾರದು. ಈ ಒಣ ಪಾತ್ರೆಯಲ್ಲಿ ತಲೆಯ ಭಾಗ ಬೇಕರಿಯದರಂತೆ ಕೆಂಪಾಗುವುದಿಲ್ಲ. ಅದನ್ನು ಒಪ್ಪಿಕೊಳ್ಳಬೇಕು.

ಇನ್ನು ನಾವು ಕೊನೆಗೆ ತಲುಪಿದ ಅಳತೆ. ಗೋಧಿ ಹಿಟ್ಟು 120 ಗ್ರಾಂ, ಮೈದಾ 120 ಗ್ರಾಂ. ಇವೆರಡಕ್ಕೂ ಒಂದು ಚಹಾ ಚಮಚ ಬೇಕಿಂಗ್ ಪೌಡರು, ಮುಕ್ಕಾಲು ಚಹಾ ಚಮಚ ಅಡಿಗೆ ಸೋಡಾ, ಕಾಲು ಚಮಚ ಉಪ್ಪು, ಏಲಕ್ಕಿಯ ಪುಡಿ ಸೇರಿಸಿ ಎರಡು ಸಲ ಜರಡಿ ಹಿಡಿಯಬೇಕು. ಬೇರೊಂದು ಪಾತ್ರೆಯಲ್ಲಿ ಸಿಪ್ಪೆ ಸುಲಿದು ಹಿಸುಕಿದ ಬಾಳೆಹಣ್ಣು 250 ಗ್ರಾಂ, ಬೆಲ್ಲದ ಪುಡಿ 100 ಗ್ರಾಂ, ಬೆಣ್ಣೆ ತೆಗೆದ ಗಟ್ಟಿ ಮಜ್ಜಿಗೆ ಮುಕ್ಕಾಲು ಬಟ್ಟಲು ಅಂದರೆ ಸುಮಾರು 180 ಮಿಲಿಲೀಟರು, ವಾಸನೆಯಿಲ್ಲದ ಎಣ್ಣೆ ಮೂರು ದೊಡ್ಡ ಚಮಚ. ಹಣ್ಣು ಎಷ್ಟು ಕಳಿತಿರಬೇಕೆಂದರೆ ಅತಿಥಿಗೆ ಕೊಡಲು ನಾಚಿಕೆಯಾಗುವಷ್ಟು, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಮೂಡಿರುವಷ್ಟು. ಪುಟ್ಟಬಾಳೆಯಾದರೆ ಕಂಪು ಹೆಚ್ಚು, ಪಚ್ಚಬಾಳೆಯಾದರೆ ಮೃದುತ್ವ ಹೆಚ್ಚು.

ಒಣಗಿದುದನ್ನೂ ಹಸಿಯದನ್ನೂ ಒಂದುಗೂಡಿಸುವ ಗಳಿಗೆಯೇ ಇಡೀ ಕಾರ್ಯದ ಮರ್ಮ. ಸೌಟಿನಿಂದ ಹನ್ನೆರಡು, ಬಹಳವೆಂದರೆ ಹದಿನೈದು ಸುತ್ತು. ಒಣ ಹಿಟ್ಟು ಕಾಣದಂತಾದೊಡನೆ ಕೈ ನಿಲ್ಲಿಸಬೇಕು. ಅಲ್ಲಲ್ಲಿ ಗಂಟುಗಳು ಕಾಣುತ್ತವೆ, ಕಾಣಲಿ. ಗಂಟಿಲ್ಲದ ಹಿಟ್ಟನ್ನು ಕಲಸುವುದೇ ಗೃಹಿಣಿಯ ಕುಶಲತೆಯೆಂದು ಕಲಿತ ಕೈಗೆ ಇದು ಕಷ್ಟ. ನನ್ನಾಕೆ ಮೂರನೆಯ ಪ್ರಯೋಗದಲ್ಲಿ ಹದಿನೈದನೆಯ ಸುತ್ತಿಗೆ ಸೌಟನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ನಿಂತಳು, ಮತ್ತೆ ಕಲಸುವ ಆಸೆಯಾದೀತೆಂದು! ಕೊಬ್ಬು ಹೆಚ್ಚಿರುವ ಹಿಟ್ಟು ಹೆಚ್ಚು ಕಲಸಿದರೂ ಒಂದಿಷ್ಟು ಕ್ಷಮಿಸುತ್ತದೆ. ಕೊಬ್ಬು ಕಡಮೆಯಾದ ಹಿಟ್ಟಿಗೆ ಕ್ಷಮಾಗುಣವಿಲ್ಲ. ಕಲಸಿದುದನ್ನು ಹಾಗೆಯೇ ಇಟ್ಟು ಮಾತಿಗೆ ಕುಳಿತುಕೊಳ್ಳಲೂ ಆಗದು, ಸೋಡಾದ ಉಸಿರು ಅಷ್ಟರಲ್ಲಿಯೇ ಹಾರಿಹೋಗಿರುತ್ತದೆ. ಬಟ್ಟಲುಗಳಿಗೆ ಎಣ್ಣೆ ಸವರಿ, ಮುಕ್ಕಾಲು ಭಾಗ ತುಂಬಿ, ಒಡನೆಯೇ ಒಲೆಗೆ. ವಿದ್ಯುತ್ ಒಲೆಯಾದರೆ 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಕಡ್ಡಿ ಚುಚ್ಚಿ ನೋಡಿದರೆ ಹಸಿ ಹಿಟ್ಟು ಅಂಟಬಾರದು. ಈ ಅಳತೆಗೆ ಹನ್ನೆರಡು ಆಗುತ್ತವೆ.

ಬಾಳೆಯೊಂದನ್ನೇ ಹಿಡಿದು ಕುಳಿತುಕೊಳ್ಳುವುದು ನಮ್ಮ ಸೀಮೆಗೆ ಒಪ್ಪುವ ಮಾತಲ್ಲ. ಸೊರಬದಿಂದ ಬನವಾಸಿಯವರೆಗೆ ಅನಾನಸಿನ ಹೊಲಗಳು ಎಷ್ಟೆಂಬುದನ್ನು ಆ ದಾರಿಯಲ್ಲಿ ಹೋದವರು ಬಲ್ಲರು. ಪಂಪನು ಬನವಾಸಿಯನ್ನು ನೆನೆದು ಹಂಬಲಿಸಿದ ಕಾಲಕ್ಕೆ ಅನಾನಸು ಅಲ್ಲಿರಲಿಲ್ಲ. ಅದು ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಬಂದ ಹಣ್ಣು. ಇದ್ದಿದ್ದರೆ ನಮ್ಮ ಪಠ್ಯಪುಸ್ತಕದಲ್ಲಿ ಇನ್ನೊಂದು ಪದ್ಯ ಹೆಚ್ಚಾಗುತ್ತಿತ್ತೇನೊ. ಅದಿರಲಿ. ಹಸಿ ಅನಾನಸನ್ನು ಮಜ್ಜಿಗೆಯ ಹಿಟ್ಟಿಗೆ ನೇರವಾಗಿ ಹಾಕಬಾರದು. ಅದರಲ್ಲಿ ಬ್ರೊಮೆಲೇನ್ ಎಂಬ ಕಿಣ್ವವಿದೆ. ಅದು ಹಾಲು ಮೊಸರುಗಳ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ಸಣ್ಣ ಚೂರುಗಳಾಗಿ ಹೆಚ್ಚಿ, ರಸ ಇಂಗುವವರೆಗೆ ಬಾಣಲೆಯಲ್ಲಿ ಬೇಯಿಸಿ ಆರಿಸಿದರೆ ಕಿಣ್ವ ಶಾಖಕ್ಕೆ ನಾಶವಾಗುತ್ತದೆ, ಸಿಹಿಯೂ ಗಟ್ಟಿಯಾಗುತ್ತದೆ. ಬಾಳೆಯ ತಿರುಳಿನ ಜೊತೆಗೆ ಒಂದು ಹಿಡಿ ಇಂತಹ ಚೂರು ಸೇರಿಸಿದರೆ ಬಹಳ ಸೊಗಸು. ಹಲಸಿನಲ್ಲಿ ಬಕ್ಕೆಯ ತೊಳೆ ಕೆಲಸಕ್ಕೆ ಬಾರದು, ಅದು ಕಚ್ಚಿ ತಿನ್ನಲು ಚಂದ. ಬಾಯಲ್ಲಿ ಜಾರುವ ಬಿಳುವ ಹಣ್ಣನ್ನು ನಾರು ತೆಗೆದು ಸೋಸಿದರೆ ಬಾಳೆಯ ಸ್ಥಾನದಲ್ಲಿ ನಿಲ್ಲುತ್ತದೆ. ಆಗ ಬೆಲ್ಲವನ್ನು ಕಡಮೆ ಮಾಡಬೇಕು.

ಲೆಕ್ಕದ ವಿಷಯ. ಸಾಮಾನ್ಯ ಕ್ರಮದಲ್ಲಿ ಹನ್ನೆರಡು ಮಫಿನ್ನಿಗೆ ಸುಮಾರು 115 ಗ್ರಾಂ ಬೆಣ್ಣೆ ಬೀಳುತ್ತದೆ. ಬೆಣ್ಣೆಯಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಬ್ಬು. ಒಂದೊಂದರ ಪಾಲಿಗೆ ಬೆಣ್ಣೆಯ ಕೊಬ್ಬೇ ಎಂಟು ಗ್ರಾಂ ಸಮೀಪ. ನಮ್ಮದರಲ್ಲಿ ಎಣ್ಣೆಯಿಂದ ಬರುವುದು ಮೂರೂವರೆ ಗ್ರಾಂ. ಅದೂ ಬೆಣ್ಣೆ ತುಪ್ಪಗಳಲ್ಲಿ ಹೇರಳವಾಗಿರುವ, ಹೃದಯರೋಗಿಗೆ ವೈದ್ಯರು ಮಿತಗೊಳಿಸಲು ಹೇಳುವ ಸ್ಯಾಚುರೇಟೆಡ್ ಜಾತಿಯದು ಸ್ವಲ್ಪವೇ. ಆಹಾರದ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ನಾನು ಕೂಡಿಸಿದಂತೆ ಒಂದರ ಶಕ್ತಿ 230 ಕ್ಯಾಲೊರಿಯಿಂದ 160ರ ಆಸುಪಾಸಿಗೆ ಇಳಿಯುತ್ತದೆ. ಇದರಿಂದ ಹಿಗ್ಗಿ ಎರಡು ತಿಂದವನ ಲೆಕ್ಕ 320 ಆಗುತ್ತದೆಂಬುದನ್ನು ಗಣಿತದ ಅಧ್ಯಾಪಕರಲ್ಲದಿದ್ದರೂ ಹೇಳಬಲ್ಲೆ. ಬೆಲ್ಲವೆಂದ ಮಾತ್ರಕ್ಕೆ ಅದು ಔಷಧವೂ ಅಲ್ಲ. ನೂರು ಗ್ರಾಮಿನಲ್ಲಿ ಸಕ್ಕರೆಗೂ ಅದಕ್ಕೂ ಶಕ್ತಿಯಲ್ಲಿ ಹೆಚ್ಚು ಅಂತರವಿಲ್ಲ. ಸಕ್ಕರೆಯ ಕಾಯಿಲೆಯುಳ್ಳವರು ಈ ಅಂಕಣವನ್ನು ನಂಬಿ ತಿನ್ನದೆ ತಮ್ಮ ವೈದ್ಯರನ್ನು ಕೇಳತಕ್ಕದ್ದು.

ಬೇಕರಿಗಳನ್ನು ದೂರುವುದು ನನ್ನ ಉದ್ದೇಶವಲ್ಲ. ತಾಲ್ಲೂಕು ಕೇಂದ್ರದ ಬೇಕರಿಯ ಬೆಣ್ಣೆ ಬಿಸ್ಕತ್ತು ದಿಲ್‌ಪಸಂದುಗಳಿಲ್ಲದೆ ನಮ್ಮ ಬಾಲ್ಯವೇ ಇಲ್ಲ. ವನಸ್ಪತಿಯಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬನ್ನು ಎಣ್ಣೆ ಕೊಬ್ಬುಗಳಲ್ಲಿ ನೂರಕ್ಕೆ ಎರಡು ಪಾಲು ಮೀರಕೂಡದೆಂದು 2022ರ ಜನವರಿಯಿಂದ ದೇಶದಲ್ಲಿ ಕಟ್ಟಳೆಯೂ ಬಂದಿದೆ. ಆದರೂ ಅಲ್ಲಿಯ ತಿಂಡಿಯಲ್ಲಿ ಎಷ್ಟು ಕೊಬ್ಬಿದೆಯೆಂಬುದು ತಿನ್ನುವವನಿಗೆ ತಿಳಿಯದು. ಮನೆಯಲ್ಲಿ ಮಾಡಿದರೆ ಮೂರು ಚಮಚವೆಂದು ಎಣಿಸಿ ಹಾಕಿದವರು ನಾವೇ. ಒಂದು ಕೊರತೆ ಮಾತ್ರ ಉಂಟು: ಕೊಬ್ಬು ಕಡಮೆಯಾದ ತಿಂಡಿ ಬೇಗ ಒಣಗುತ್ತದೆ; ಹಣ್ಣಿರುವ ತಿಂಡಿಗೆ ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯಲು ಎರಡು ದಿನ ಸಾಕು. ಮಾಡಿದ ದಿನ, ಹೆಚ್ಚೆಂದರೆ ಮರುದಿನ ತಿಂದು ಮುಗಿಸಬೇಕು.

ಶಿರಾಳಕೊಪ್ಪ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಹಳ್ಳಿ ಮುಟ್ಟಿದಾಗ ಮಧ್ಯಾಹ್ನವಾಗಿದ್ದಿತು. ಊಟ ಮುಗಿದು, ನಾಲ್ಕು ಗಂಟೆಯಾಗಿ, ಮಾವನವರು ಎಂದಿನಂತೆ ಕೊಡೆ ಹುಡುಕುತ್ತ ಏಳುವಷ್ಟರಲ್ಲಿ ನಾನು ಡಬ್ಬಿಯನ್ನು ಜಗುಲಿಗೆ ತಂದೆ. ಅತ್ತೆಯವರು ಒಂದನ್ನು ಕೈಗೆ ತೆಗೆದುಕೊಂಡು, ತಿರುಗಿಸಿ, ಮೂಸಿ, ಚೂರು ಮುರಿದು ಬಾಯಿಗಿಟ್ಟುಕೊಂಡರು.

"ಬಾಳೆಹಣ್ಣು, ಬೆಲ್ಲ, ಏಲಕ್ಕಿ. ಇದು ನಮ್ಮ ಕಡುಬೇ ಅಲ್ಲವೇನೊ ತಮ್ಮ? ನೀನು ಒಣ ಬೇಯಿಸಿದ್ದೀಯ, ನಾನು ಹಬೆಯಲ್ಲಿ ಬೇಯಿಸುತ್ತೇನೆ."

ಹೀಗೆಂದು ಒಳಗೆ ಹೋಗಿ ಒಂದು ತಟ್ಟೆ ತಂದರು. ಬಾಳೆಯೆಲೆಯಲ್ಲಿ ಮಡಿಸಿ ಬೇಯಿಸಿದ ಹಲಸಿನ ಹಣ್ಣಿನ ಕಡುಬು. ಪಟ್ಟಿ ಬಂದ ಮೇಲೆ ಅವರು ಮಾಡಿದ ಮೊದಲ ಸಿಹಿಯಂತೆ. "ಎಣ್ಣೆಯ ಸೋಂಕಿಲ್ಲ, ಬೆಣ್ಣೆಯ ಸೋಂಕಿಲ್ಲ. ಅಕ್ಕಿ ತರಿ, ಹಣ್ಣು, ಬೆಲ್ಲ, ಕಾಯಿ. ಈ ವಾರದಿಂದ ದಿನವೂ ಇದನ್ನೇ ಕೊಡುತ್ತಿದ್ದೇನೆ" ಎಂದರು. ಅವರ ಮುಖದಲ್ಲಿ ಬಹುದಿನಗಳ ಮೇಲೆ ಒಂದು ಗೆಲವು ಕಂಡಿತು.

ನನ್ನ ಎದೆ ಧಸಕ್ಕೆಂದಿತು. "ಕಾಯಿ ಎಷ್ಟತ್ತೆ?" ಎಂದು ಕೇಳಿದೆ.

"ಒಂದು ಇಡೀ ಕಾಯಿ. ಬೆಣ್ಣೆಯಿಲ್ಲವಲ್ಲ, ರುಚಿ ಬೇಡವೆ?"

ಹೇಳುವುದೊ ಬಿಡುವುದೊ? ಒಂದು ಒಳ್ಳೆಯ ಕಾಯಿಯ ತುರಿ 250 ಗ್ರಾಂ ತೂಗುತ್ತದೆ. ಹಸಿ ತೆಂಗಿನಕಾಯಿಯಲ್ಲಿ ಮೂರನೆಯ ಒಂದು ಪಾಲು ಕೊಬ್ಬು. ಆ ಕೊಬ್ಬಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸ್ಯಾಚುರೇಟೆಡ್ ಜಾತಿಯದು. ನಾವು ಹೊಡೆದುಹಾಕಿದ ಬೆಣ್ಣೆಯಷ್ಟೇ ಭಾರ ಆ ತಟ್ಟೆಯಲ್ಲಿ ಬೇರೆ ವೇಷದಲ್ಲಿ ಕುಳಿತಿದ್ದಿತು. ಕಾಯಿ ವಿಷವೇನಲ್ಲ. ಆರೋಗ್ಯವಂತನಿಗೆ ಹಬ್ಬದ ದಿನ ಆ ಕಡುಬು ಅಮೃತ. ಆದರೆ ಎದೆ ಹಿಡಿದುಕೊಂಡು ಕುಳಿತಿದ್ದವರಿಗೆ, ದಿನವೂ! ಹೇಳಿದೆ. ಆದಷ್ಟು ಮೆಲ್ಲಗೆ, ಅಂಕಿಗಳನ್ನು ಆದಷ್ಟು ಮರೆಮಾಡಿ ಹೇಳಿದೆ.

ಅತ್ತೆಯವರು ತಟ್ಟೆಯನ್ನು ನೋಡುತ್ತ ನಿಂತರು. "ಹಾಗಾದರೆ ನಾನೇ..." ಎಂದರು. ಮುಂದೆ ಮಾತು ಹೊರಡಲಿಲ್ಲ. ಆ ಅರ್ಧ ಮಾತಿನಲ್ಲಿ ಈ ವಾರದ ಕಡುಬಲ್ಲದೆ ಐವತ್ತು ವರ್ಷಗಳ ತುಪ್ಪದ ಮಿಳ್ಳೆಯೂ ಇದ್ದಿತು. ಹೇಳಬಾರದಾಗಿತ್ತೆಂದು ನನಗೆ ತೋರಿತು.

ಮಾವನವರು ಕೊಡೆಯನ್ನು ಗೋಡೆಗೆ ಒರಗಿಸಿ ಕುಳಿತುಕೊಂಡರು. "ನಿನ್ನ ತುಪ್ಪದಿಂದ ಏನೂ ಆಗಿಲ್ಲ ಮಾರಾಯ್ತಿ. ಪೇಟೆಗೆ ಹೋದಾಗಲೆಲ್ಲ ತಿನ್ನುತ್ತಿದ್ದೆನಲ್ಲ, ನಿನಗೆ ಹೇಳದೆ, ಮೂವತ್ತು ವರ್ಷದಿಂದ. ಆ ಲೆಕ್ಕ ಈ ಮೇಷ್ಟ್ರಿಗೂ ಗೊತ್ತಿಲ್ಲ" ಎಂದರು. ಇದು ವೈದ್ಯಶಾಸ್ತ್ರದ ದೃಷ್ಟಿಯಿಂದ ಎಷ್ಟು ಸರಿಯೊ ನಾನು ವಿಚಾರಿಸಲಿಲ್ಲ.

"ಗೊತ್ತು" ಎಂದರು ಅತ್ತೆ. "ಕಾಗದ ದೇವರ ಗೂಡಿನಲ್ಲಿದೆ."

ಮಾವನವರಿಗೆ ಉತ್ತರ ತೋಚಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ಒಂದು ಮಫಿನ್ನನ್ನು ತೆಗೆದುಕೊಂಡು, ಚಹಾದೊಡನೆ, ತೋಟಕ್ಕೆ ಹೋಗದೆ, ಜಗುಲಿಯಲ್ಲಿಯೇ ತಿಂದರು. ಚೆನ್ನಾಗಿದೆಯೆಂದು ಹೇಳಲಿಲ್ಲ, ಇನ್ನೊಂದಕ್ಕೆ ಕೈ ನೀಡಿದರು. ಅತ್ತೆಯವರು ಆ ಕೈಗೂ ಡಬ್ಬಿಗೂ ನಡುವೆ ಮುಚ್ಚಳವನ್ನು ತಂದರು.

"ನಾಳೆ ನಾಲ್ಕು ಗಂಟೆಗೆ" ಎಂದರು.

ಸಂಜೆ ನಾನು ಹೊರಡುವ ಹೊತ್ತಿಗೆ ಅವರು ಅಡಿಗೆಮನೆಯಿಂದ ಸೀಸದ ಕಡ್ಡಿ ತಂದರು. ವೈದ್ಯರ ಪಟ್ಟಿಯ ಹಿಂಬದಿ ಖಾಲಿಯಿದ್ದಿತು. "ಸೋಡಾ ಎಷ್ಟೆಂದೆ? ಮುಕ್ಕಾಲು ಚಮಚವೊ, ಒಂದೊ? ಮತ್ತೆ ಕಡುಬಿಗೆ ಕಾಯಿ ಎಷ್ಟು ಹಾಕಬಹುದು, ಅದನ್ನೂ ಹೇಳು, ಕಾಲು ಹೋಳಾದರೂ ಹಾಕದಿದ್ದರೆ ಆಗುವುದಿಲ್ಲಪ್ಪ" ಎನ್ನುತ್ತ ಬರೆಯಲು ಕುಳಿತರು.